‘ಸ್ವಇಚ್ಛೆ’ಗೆ ಬೇರೆ ಪದ ಇದೆಯಾ?

ಎಲ್ಲರಿಗೂ ನಮಸ್ಕಾರ. ಒಂದು ಪದ ಹತ್ತು ದಿನದಿಂದ ಕಾಡುತ್ತಿದೆ.

ಲೈಂಗಿಕ ವೃತ್ತಿಯಲ್ಲಿರುವ ಹೆಂಗಸೊಬ್ಬರ ಮಾತನ್ನು ಬರಹಕ್ಕೆ ಇಳಿಸುತ್ತಿದ್ದೇನೆ. ಮೊದಲು ಗಾರ್ಮೆಂಟ್ಸ್‌ನಲ್ಲಿ ಇದ್ದವರು. ಸಂಬಳ ತಿಂಗಳಿಗೊಮ್ಮೆ, ಸಂಘದ ಸಾಲದ ಕಂತು ವಾರಕ್ಕೊಮ್ಮೆ. ಆ ಲೆಕ್ಕ ಕೂಡಿಬರದೆ ಈ ಕೆಲಸಕ್ಕೆ ಬಂದರು. ‘ಸ್ವಇಚ್ಛೆಯಿಂದ ಬಂದರು’ ಎಂದು ಬರೆದು ಅವರಿಗೇ ಓದಿ ಹೇಳಿದೆ. ಅಲ್ಲೇ ತಡೆದರು. “ಇಚ್ಛೆ ಅಂದ್ರೆ ಆಸೆ ಅಲ್ವಾ? ನಂಗೆ ಇದರ ಆಸೆ ಇತ್ತು ಅಂತ ಬರೆದ್ರಾ?” ಸರಿ ಅಂತ ‘ಬಲವಂತದಿಂದ’ ಎಂದು ತಿದ್ದಿದೆ. ಅದೂ ಬೇಡವಂತೆ. “ಯಾರೂ ಕೈ ಹಿಡಿದು ಎಳ್ಕೊಂಡು ಬಂದಿಲ್ಲ. ನಾನೇ ಬಂದೆ.”

ಅವರ ಎರಡು ಮಾತೂ ನಿಜ. ಎರಡನ್ನೂ ಹಿಡಿಯುವ ಪದ ನನ್ನ ಹತ್ತಿರ ಇರಲಿಲ್ಲ.

ಪತ್ರಿಕೆಗಳಲ್ಲಿ ಸಿಗುವ ಕ್ರಿಯಾಪದಗಳನ್ನೇ ನೋಡಿ. ‘ವೇಶ್ಯಾವಾಟಿಕೆಗೆ ದೂಡಿದರು’ ಅಂದರೆ ಆಕೆ ಬರೀ ಒಂದು ವಸ್ತು. ‘ದಂಧೆಗೆ ಇಳಿದಳು’ ಅಂದರೆ ತಪ್ಪೆಲ್ಲ ಆಕೆಯ ತಲೆಗೆ. ನಡುವೆ ಜಾಗವೇ ಇಲ್ಲ. ಸರ್ಕಾರದ ‘ದಮನಿತ ಮಹಿಳೆ’ಯಲ್ಲಿ ಮರುಕ ಇದೆ, ಆದರೆ ದುಡಿಮೆ ಕಾಣುವುದಿಲ್ಲ. ‘ಲೈಂಗಿಕ ಕಾರ್ಯಕರ್ತೆ’ಯಲ್ಲಿ ದುಡಿಮೆ ಇದೆ, ಒತ್ತಡ ಕಾಣುವುದಿಲ್ಲ.

ಇದು ಸುಮ್ನೆ ಪದದ ಜಗಳ ಅಲ್ಲ. 2022ರ ಮೇ 19ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ಈ ಕೆಲಸ ಮಾಡುತ್ತಿದ್ದರೆ ಪೊಲೀಸರು ಅಡ್ಡಿ ಮಾಡಬಾರದು ಎಂದಿತು. ಅಂದರೆ ‘ಒಪ್ಪಿಗೆ’ ಇತ್ತೋ ಇಲ್ಲವೋ ಅನ್ನುವುದರ ಮೇಲೆ ಒಬ್ಬರ ಬದುಕೇ ನಿಂತಿದೆ. ಮರುವರ್ಷ ಅದೇ ಕೋರ್ಟಿನ ಕೈಪಿಡಿಯೊಂದು ‘ಪ್ರಾಸ್ಟಿಟ್ಯೂಟ್’ ಬಿಟ್ಟು ‘ಸೆಕ್ಸ್ ವರ್ಕರ್’ ಬಳಸಿ ಎಂದಿತು. ಈ ಪದ ಎಲ್ಲರೂ ತಾವಾಗಿಯೇ ಬಂದವರು ಅನ್ನುವಂತಿದೆ ಎಂದು ಕಳ್ಳಸಾಗಣೆ ವಿರುದ್ಧ ಕೆಲಸ ಮಾಡುವ ಸಂಸ್ಥೆಗಳು ತಕರಾರು ತೆಗೆದವು. ಕೆಲವೇ ತಿಂಗಳಲ್ಲಿ ಅದನ್ನೂ ತಿದ್ದಬೇಕಾಯಿತು.

‘ಒಪ್ಪಿಗೆ’ ನನಗೆ ಬೇಕಾದ ಪದ, ಆದರೆ ಈ ಜಾಗಕ್ಕಲ್ಲ. ಈ ಗಿರಾಕಿ ಬೇಡ ಅನ್ನುವುದು, ಇವತ್ತು ಆಗಲ್ಲ ಅನ್ನುವುದು, ಅದು ಒಪ್ಪಿಗೆಯ ಮಾತು. ಆ ಹಕ್ಕು ಸಾಲ ಇದ್ದರೂ ಇರಲೇಬೇಕು. ‘ಆಯ್ಕೆ’ಗೆ ಕಡೇಪಕ್ಷ ಎರಡು ದಾರಿಯಾದರೂ ಬೇಕಲ್ವಾ? ‘ಹೊಟ್ಟೆಪಾಡಿಗೆ’ ಹತ್ತಿರ ಬರುತ್ತದೆ. ಆದರೆ ಅದು ಯಾಕೆ ಬಂದರು ಅನ್ನುವುದಕ್ಕೆ ಉತ್ತರ, ಹೇಗೆ ನಿರ್ಧಾರ ಮಾಡಿದರು ಅನ್ನುವುದಕ್ಕಲ್ಲ.

ಹಳೆಯ ಪದವೊಂದು ನೆನಪಾಯಿತು, ‘ಒತ್ತೆ’. ಹನ್ನೆರಡನೇ ಶತಮಾನದ ಸೂಳೆ ಸಂಕವ್ವೆಯ ವಚನದಲ್ಲಿ ಅದು ಈ ಕಸುಬಿನಲ್ಲಿ ಪಡೆಯುವ ಹಣ. ಈಗ ನಾವು ಒಡವೆ ಒತ್ತೆ ಇಡುತ್ತೇವೆ, ‘ಒತ್ತೆಯಾಳು’ ಅನ್ನುತ್ತೇವೆ. ಕೂಲಿಗೂ ಅಡಮಾನಕ್ಕೂ ಒಂದೇ ಪದ! ಇದನ್ನು ಕಂಡ ಮೇಲೆ ಒಂದಿಷ್ಟು ಹೊತ್ತು ಬರೆಯಲು ಆಗಲಿಲ್ಲ.

ಕೊನೆಗೆ ಅವರನ್ನೇ ಕೇಳಿದೆ, ನೀವಾದರೆ ಹೇಗೆ ಹೇಳ್ತೀರಿ ಅಂತ. “ಮನಸ್ಸು ಗಟ್ಟಿ ಮಾಡ್ಕೊಂಡೆ” ಅಂದರು. ಹಾಗೇ ಬರೆದಿದ್ದೇನೆ. ಇದರಲ್ಲಿ ನಿರ್ಧಾರ ಅವರದೇ, ಆಸೆಯ ಸುಳಿವಿಲ್ಲ, ಎದುರಿಗೆ ಕಷ್ಟ ಇದ್ದದ್ದೂ ಗೊತ್ತಾಗುತ್ತದೆ.

ಈಗ ನನ್ನ ಪ್ರಶ್ನೆ. ಅರ್ಜಿಯಲ್ಲಿ, ಹೇಳಿಕೆಯಲ್ಲಿ ಬಳಸಲು ಇದಕ್ಕೆ ಹೊಂದುವ ಒಂದೇ ಪದ ಇದೆಯಾ? ‘ಒಲ್ಲದ ಮನಸ್ಸಿನಿಂದ’ ಅನ್ನಬಹುದಾ, ಅಥವಾ ಅದು ‘ನಾನೇ ಬಂದೆ’ ಅನ್ನುವುದನ್ನು ಅಳಿಸಿಬಿಡುತ್ತದಾ? ಬೆಳಗಾವಿ, ವಿಜಯಪುರ ಕಡೆಯವರು ನಿಮ್ಮಲ್ಲಿ ಏನಂತಾರೆ ತಿಳಿಸಿ. ಕರಾವಳಿಯವರೂ ಬರೆಯಿರಿ.