ಶಾಲೆ ಕ್ಯಾಂಟೀನಿನ ಚಟ್ನಿ: ಏನಂತ ಕೇಳೋದು?

ಡೊಂಬಿವಲಿ ಅಮ್ಮ:
ಮಗ ನಾಲ್ಕನೇ ಕ್ಲಾಸು. ಸೋಮವಾರ ಹತ್ತೂವರೆ ರಿಸೆಸ್ಸಿನಲ್ಲಿ ಕ್ಯಾಂಟೀನಿನ ಇಡ್ಲಿ-ಚಟ್ನಿ ತಿಂದಿದ್ದಾನೆ. ಒಂದು ಗಂಟೆಗೆ ಬಸ್ಸಿನಲ್ಲೇ ವಾಂತಿ. ಅದೇ ಬಸ್ಸಿನ ಇನ್ನಿಬ್ಬರಿಗೂ ಹಾಗೇ. ಜ್ವರ ಬರಲಿಲ್ಲ, ರಾತ್ರಿ ಹೊತ್ತಿಗೆ ಸರಿಯಾದ. ಮರುದಿನ ಶಾಲೆಗೆ ಹೋಗಿ ಕೇಳಿದರೆ ‘ಎಷ್ಟು ಕ್ಲೀನಾಗಿದೆ ನೋಡಿ ಮೇಡಂ’ ಅಂತ ಟೈಲ್ಸು ತೋರಿಸಿ ಕಳಿಸಿದರು. ಟೈಲ್ಸು ಹೊಳೀತಿತ್ತು, ನಿಜ. ಮುಂದೆ ಏನು ಕೇಳಬೇಕು ಅಂತಲೇ ತೋಚಲಿಲ್ಲ. ಹೋಟೆಲ್ ಲೈನಿನವರು ಯಾರಾದ್ರೂ ಇದ್ದರೆ ಹೇಳ್ತೀರಾ?

ಕುಂದಾಪುರ ಟು ಮಾಟುಂಗ:
ಅಕ್ಕ, ಟೈಲ್ಸು ಬಿಡಿ. ಚಟ್ನಿ ಎಷ್ಟು ಗಂಟೆಗೆ ರುಬ್ಬಿದ್ದು ಅಂತ ಕೇಳಿ. ಇಪ್ಪತ್ತೆರಡು ವರ್ಷ ಮಾಟುಂಗದ ಹೋಟೆಲಿನ ಅಡುಗೆಮನೆಯಲ್ಲಿದ್ದವ ನಾನು, ಈಗ ಆಫೀಸು ಕ್ಯಾಂಟೀನಿನ ಕಂತ್ರಾಟು. ಹೊರಗಿಟ್ಟ ಕಾಯಿ ಚಟ್ನಿಗೆ ನಮ್ಮಲ್ಲಿ ಎರಡೇ ಗಂಟೆ ಲೆಕ್ಕ, ಆಮೇಲೆ ಚೆಲ್ಲುವುದು. 5 ಡಿಗ್ರಿಗಿಂತ ತಣ್ಣಗಿರಬೇಕು, ಇಲ್ಲಾ 60ಕ್ಕಿಂತ ಬಿಸಿ ಇರಬೇಕು. ಚಟ್ನಿಯನ್ನು ಬಿಸಿಯಾಗಿ ಇಡಲಿಕ್ಕಾಗ್ತದಾ? ಹುಳಿ ವಾಸನೆ ಬರುವ ಮೊದಲೇ ಕೆಟ್ಟಿರ್ತದೆ ಮಾರಾಯ್ರೆ, ಮೂಗನ್ನು ನಂಬಬೇಡಿ.

ನಾನು ಡಾಕ್ಟರಲ್ಲ. ಆದರೆ ತಿಂದು ಎರಡು-ಮೂರು ಗಂಟೆಯೊಳಗೆ ವಾಂತಿ, ಜ್ವರ ಇಲ್ಲ ಅಂದರೆ ಹೆಚ್ಚಾಗಿ ಕೈಯಿಂದ ಬಂದದ್ದು. ಬೆರಳ ಗಾಯ, ಮೂಗು ಒರೆಸಿದ ಕೈ. ಆ ಬ್ಯಾಕ್ಟೀರಿಯಾಕ್ಕೆ ಸ್ಟ್ಯಾಫಿಲೊಕಾಕಸ್ ಅಂತಾರೆ. ಅದು ಬಿಟ್ಟ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ‘ಒಂದು ಕುದಿ ಬರಿಸಿದರೆ ಸರಿ’ ಅಂತ ಮೊದಲು ನಾನೂ ಹೇಳ್ತಿದ್ದೆ. ನಮ್ಮ ಹುಡುಗನೊಬ್ಬ ಕಾಯಿ ಹೆರೆಯುವಾಗ ಹೆಬ್ಬೆರಳು ಕೊಯ್ದುಕೊಂಡು, ಚಿಂದಿ ಸುತ್ತಿ ಮತ್ತೆ ಚಟ್ನಿಗೇ ಕೈ ಹಾಕಿದ್ದ. ಮಾಲೀಕರು ಅಷ್ಟೂ ಚಟ್ನಿ ಮೋರಿಗೆ ಚೆಲ್ಲಿಸಿ, ಅವನನ್ನು ಎಂಟು ದಿನ ಗಲ್ಲಾದಲ್ಲಿ ಕೂರಿಸಿದರು. ಬೈಗುಳ ನನಗೆ.

ಮುಲುಂಡಿನವ:
ಗೋಡೆಯಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರಿದೆಯಾ? 14 ಅಂಕಿ. ಕಂತ್ರಾಟುದಾರನಿಗೆ ಲೈಸೆನ್ಸೋ ನೋಂದಣಿಯೋ ಇದೆ ಅಂತ ಖಾತ್ರಿ ಮಾಡ್ಕೊಳ್ಳೋದು ಶಾಲೆಯದೇ ಹೊಣೆ, 2020ರ ನಿಯಮ. ಎಣ್ಣೆ, ಸಕ್ಕರೆ, ಉಪ್ಪು ಜಾಸ್ತಿ ಇರೋದನ್ನ ಶಾಲೆ ಒಳಗಾಗಲಿ, ಗೇಟಿಂದ 50 ಮೀಟರ್ ಸುತ್ತಲಾಗಲಿ ಮಕ್ಕಳಿಗೆ ಮಾರೋ ಹಾಗಿಲ್ಲ ಅಂತಲೂ ಅದರಲ್ಲೇ ಇದೆ. ನಮ್ಮ ಗೇಟಿನೆದುರಿನ ವಡಾಪಾವ್ ಗಾಡಿಗೆ ಯಾರೂ ಹೇಳಿಲ್ಲ ಅನ್ಸುತ್ತೆ. ನೀವು ನೇರ ಎಫ್‌ಡಿಎಗೆ, ಅಂದ್ರೆ ರಾಜ್ಯದ ಆಹಾರ-ಔಷಧ ಇಲಾಖೆಗೆ, ದೂರು ಬರೆದುಬಿಡಿ.

ಕುಂದಾಪುರ ಟು ಮಾಟುಂಗ:
ದೂರು ಎಲ್ಲಿಗೂ ಓಡಿಹೋಗುವುದಿಲ್ಲ. ಮೊದಲು ಬೆಳಿಗ್ಗೆ ಬೆಲ್ಲಿಗಿಂತ ಮುಂಚೆ ಒಮ್ಮೆ ಹೋಗಿ ನಿಂತು ನೋಡಿ. ಫ್ರಿಜ್ ತೆಗೆಸಿ.

ಡೊಂಬಿವಲಿ ಅಮ್ಮ:
ಇವತ್ತು ಏಳೂಕಾಲಿಗೆ ಹೋಗಿದ್ದೆ. ನಂಬರಿದೆ, ಕ್ಯಾಲೆಂಡರಿನ ಹಿಂದೆ. ಚಟ್ನಿ ಆಗಲೇ ತಯಾರು. ಸ್ಟೀಲ್ ಬಾಲ್ದಿಯಲ್ಲಿ, ಇಡ್ಲಿ ಬೇಯೋ ಒಲೆಯ ಪಕ್ಕದಲ್ಲೇ, ಸೌಟು ಹಿಡಿಯವರೆಗೂ ಒಳಗೆ ಮುಳುಗಿತ್ತು. ಎಷ್ಟು ಗಂಟೆಗೆ ರುಬ್ಬಿದ್ದು ಅಂತ ಕೇಳಿದೆ. ಅಡುಗೆಯ ಮಾವಶಿ (ಕೆಲಸದ ಹೆಂಗಸು) ‘ಸಾಡೇಪಾಚ್’, ಐದೂವರೆ ಅಂದರು, ಮುಚ್ಚಿಡೋಕೆ ಏನಿದೆ ಅನ್ನೋ ಹಾಗೆ. ಪಾಪ, ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ಫ್ರಿಜ್ಜಲ್ಲಿ ಯಾಕಿಡಲ್ಲ ಅಂದೆ. ಬಾಗಿಲು ತೆಗೆದು ತೋರಿಸಿದರು. ಮೇಲಿಂದ ಕೆಳಗಿನವರೆಗೆ ಕೋಲ್ಡ್ ಡ್ರಿಂಕ್ಸ್, ಒಂದು ಬಟ್ಟಲಿಡೋಕೂ ಜಾಗ ಇಲ್ಲ.