ನಾಡ ಕಚೇರಿಗೆ ಹೊಸ ಕಟ್ಟಡ: ಏನೇನು ಕೇಳಿ ಪಡೆಯಬೇಕು?

ಪ್ರಶ್ನೆ (ಚಳ್ಳಕೆರೆ ತಾಲ್ಲೂಕು): ನಮ್ಮ ಹೋಬಳಿಯ ನಾಡ ಕಚೇರಿ ಈಗ ಬಾಡಿಗೆ ಕಟ್ಟಡದಲ್ಲಿದೆ. ಹೊಸದಕ್ಕೆ ಜಾಗ ನೋಡ್ತಿದ್ದಾರೆ, ಗ್ರಾಮಸಭೆಯಲ್ಲಿ ನಮ್ಮ ಅಭಿಪ್ರಾಯ ಕೇಳ್ತಾರಂತೆ. ಕಟ್ಟಡ ಎದ್ದಮೇಲೂ ಜನ ಚಳ್ಳಕೆರೆಗೇ ಅಲೆಯೋ ಹಾಗಾಗಬಾರದು. ಗೊತ್ತಿದ್ದವರು ಹೇಳಿ.

ಹಿರಿಯೂರಿನಿಂದ, ನಿವೃತ್ತ ಕಂದಾಯ ನಿರೀಕ್ಷಕ: ಊರಾಚೆ ಗೋಮಾಳದಲ್ಲಿ ಬೇಕಾದಷ್ಟು ಜಾಗ ಇದೆ ಅಂತ ಯಾರಾದರೂ ಎದ್ದು ನಿಂತು ಹೇಳೇ ಹೇಳ್ತಾರೆ. ಒಪ್ಪಬೇಡಿ. ಬಸ್ಸಿಳಿದವರು ನಡೆದು ಬರುವಂತಿರಬೇಕು, ಪಕ್ಕದಲ್ಲೇ ಜೆರಾಕ್ಸ್ ಅಂಗಡಿ ಇರಬೇಕು. ಜಾಗಕ್ಕಿಂತ ದೊಡ್ಡ ವಿಷಯ ಸಹಿಯದು. ಉಪ ತಹಶೀಲ್ದಾರರು ವಾರಪೂರ್ತಿ ಕೂರ್ತಾರಾ, ಇಲ್ಲಾ ಇನ್ನೊಂದು ಹೋಬಳಿಯ ಪ್ರಭಾರವೂ ಅವರಿಗೇನಾ? ಪ್ರಭಾರ ಆದರೆ ಯಾವ್ಯಾವ ದಿನ ಬರ್ತಾರೆ ಅಂತ ಗೋಡೆ ಮೇಲೆ ಬರೆಸಿ, ಒಂದು ದಿನ ಸಂತೆಯ ದಿನವೇ ಆಗಲಿ. ಪಹಣಿ ಈಗ ಎಲ್ಲಿ ಬೇಕಾದರೂ ಸಿಗುತ್ತೆ, ಅದಕ್ಕೆ ಹೊಸ ಕಚೇರಿ ಬೇಕಿಲ್ಲ. ಜನ ಒದ್ದಾಡೋದು ಪೌತಿ ಖಾತೆಗೆ (ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋದು), ವಂಶವೃಕ್ಷಕ್ಕೆ, ಶಾಲೆ ಸೇರಿಸೋ ಕಾಲದಲ್ಲಿ ಜಾತಿ-ಆದಾಯ ಪ್ರಮಾಣಪತ್ರಕ್ಕೆ. ಗ್ರಾಮ ಆಡಳಿತಾಧಿಕಾರಿಗಳಿಗೂ ಅಲ್ಲೇ ಒಂದು ಕೊಠಡಿ, ಕೂರೋ ಸಮಯ ಗೊತ್ತು ಮಾಡಿಸಿ. ಅವರ ವರದಿ ಬರದೆ ಮೇಲಿನವರ ಸಹಿ ಬೀಳಲ್ಲ.

ದಾವಣಗೆರೆಯಿಂದ, ಸ್ತ್ರೀಶಕ್ತಿ ಸಂಘದ ಒಬ್ಬರು: ಕಿಟಕಿ ತಗ್ಗಿನಲ್ಲಿಡಿಸಿ ಅಣ್ಣಾ. ನಮ್ಮ ಕಡೆ ಒಂದು ಕಚೇರಿಯಲ್ಲಿ ಗಾಜಿನ ಕಿಂಡಿ ಎದೆಮಟ್ಟಕ್ಕಿದೆ. ಸಂಧ್ಯಾ ಸುರಕ್ಷಾ ಅನ್ನೋ ವೃದ್ಧಾಪ್ಯ ಪಿಂಚಣಿ ದುಡ್ಡು ನಿಂತು ಹೋದ ಅಜ್ಜಿ ಪ್ಲಾಸ್ಟಿಕ್ ಕವರಿನಿಂದ ಪಾಸ್‌ಬುಕ್, ಆಧಾರ್ ಒಂದೊಂದೇ ತೆಗೆದು ತುದಿಗಾಲಲ್ಲಿ ನಿಂತು ಒಳಗೆ ತಳ್ಳುತ್ತೆ. ಒಳಗಿನವರು ಹೇಳಿದ್ದು ಅದಕ್ಕೆ ಕೇಳಿಸಲ್ಲ, ಹಿಂದೆ ನಿಂತವರು ಕೂಗಿ ಹೇಳಬೇಕು. ಆಧಾರಲ್ಲೊಂದು ಹೆಸರು, ಪಾಸ್‌ಬುಕ್ಕಲ್ಲೊಂದು ಅನ್ನೋದು ಹೀಗೆ ಊರಿಗೆಲ್ಲ ಗೊತ್ತಾಗುತ್ತೆ. ಎದುರು-ಬದುರು ಕೂತು ಮಾತಾಡೋ ಒಂದು ಮೇಜು, ಎರಡು ಕುರ್ಚಿ ಸಾಕು. ಮತ್ತೆ ಶೌಚಾಲಯ, ಬೀಗ ಹಾಕಿ ಸಿಬ್ಬಂದಿಗೆ ಮಾತ್ರ ಅಂತ ಬರೆದದ್ದಲ್ಲ.

ಹರಪನಹಳ್ಳಿಯಿಂದ: ನಮ್ಮ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಬಂತು, 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಬೋರ್ಡ್ ಬದಲಾದಷ್ಟು ಸಲೀಸಾಗಿ ಕಡತ ಬದಲಾಗಲ್ಲ. ನಿಮ್ಮದು ಬರೀ ಕಟ್ಟಡದ ಸ್ಥಳಾಂತರ, ಆದರೂ ಹಳೇ ಕಡತಗಳನ್ನ ಗ್ರಾಮವಾರು ಪಟ್ಟಿ ಮಾಡಿಯೇ ಸಾಗಿಸಲಿ. ಯುಪಿಎಸ್, ಎರಡನೇ ಇಂಟರ್‌ನೆಟ್ ಲೈನ್ ಅಂದಾಜುಪಟ್ಟಿಯಲ್ಲೇ ಸೇರಲಿ. ‘ಸರ್ವರ್ ಇಲ್ಲ, ನಾಳೆ ಬನ್ನಿ’ ಕೇಳಿ ಕೇಳಿ ಸಾಕಾಗಿದೆ.

ಕೇಳಿದವರು: ಎಲ್ಲರಿಗೂ ಧನ್ಯವಾದ. ಅರ್ಜಿ ಕೊಟ್ಟಮೇಲೆ ಸುಮ್ಮನೆ ಕೂರಿಸಿದರೆ ಏನು ಮಾಡೋದು? ಜಾಗವನ್ನ ಊರಿನ ಒಬ್ಬರು ದಾನ ಕೊಡ್ತೀನಿ ಅಂತಿದ್ದಾರೆ, ಅದು ಬಸ್‌ಸ್ಟ್ಯಾಂಡ್ ಹತ್ತಿರವೇ ಇದೆ.

ನಿವೃತ್ತ ಕಂದಾಯ ನಿರೀಕ್ಷಕ: ಸಕಾಲದ (ಗೊತ್ತು ಮಾಡಿದ ದಿನದೊಳಗೆ ಕೆಲಸ ಮಾಡಿಕೊಡಬೇಕು ಅನ್ನೋ ವ್ಯವಸ್ಥೆ) ಸ್ವೀಕೃತಿ ಸಂಖ್ಯೆ ಇಲ್ಲದೆ ಕಿಟಕಿ ಬಿಟ್ಟು ಕದಲಬೇಡಿ ಅಂತ ಜನಕ್ಕೆ ಹೇಳಿ. ಅದರ 2011ರ ಕಾಯ್ದೆ ಪ್ರಕಾರ ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ಆ ದುಡ್ಡಿಗಾಗಿ ಯಾರೂ ಅಲೆಯಲ್ಲ ಬಿಡಿ, ಸಂಖ್ಯೆ ಕೈಯಲ್ಲಿದ್ದರೆ ಅರ್ಜಿ ಬಂದೇ ಇಲ್ಲ ಅನ್ನೋಕಾಗಲ್ಲ. ದಾನದ ಜಾಗದ್ದು ಮೊದಲು ಪಹಣಿ ತೆಗೆಸಿ. ಕಾಲಂ 9ರಲ್ಲಿ ಅವರೊಬ್ಬರದೇ ಹೆಸರಿದೆಯಾ, ಅಣ್ತಮ್ಮಂದಿರದು ಜಂಟಿಯಾಗಿದೆಯಾ, 11ರಲ್ಲಿ ಬ್ಯಾಂಕ್ ಸಾಲ ಕೂತಿದೆಯಾ ನೋಡಿ. ದಾನಪತ್ರ ನೋಂದಣಿ ಆಗದೆ ಭೂಮಿಪೂಜೆಗೆ ಶಾಸಕರ ದಿನಾಂಕ ಕೇಳೋಕೆ ಹೋಗಬೇಡಿ.