ಸಹಾಯ ಬೇಕು: ಅಜ್ಜಿಯ ದನಿ ಇರುವ ಹಳೇ ಕ್ಯಾಸೆಟ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಪೆರ್ಲ ಹತ್ತಿರ. ಬರುವ ತಿಂಗಳು ಅಜ್ಜಿಯ ವರ್ಷಾಂತ, ತೀರಿಕೊಂಡು ವರ್ಷ ತುಂಬುತ್ತದೆ. ಅವರ ದನಿ ಉಳಿದಿರುವುದು ಒಂದೇ ಒಂದು ಕ್ಯಾಸೆಟ್ಟಿನಲ್ಲಿ. ಮಾವ ಗಲ್ಫಿನಿಂದ ತಂದ ಟೇಪ್ ರೆಕಾರ್ಡರಿನಲ್ಲಿ 1994ರಲ್ಲಿ ತುಂಬಿಸಿದ್ದು. ಹಲಸಿನ ಹಪ್ಪಳ ಒತ್ತುತ್ತಾ ಅಜ್ಜಿ ಶೋಭಾನೆ ಹೇಳಿದ್ದಾರೆ. ನಡುನಡುವೆ ಮಣೆಯ ಟಪ್ ಟಪ್ ಸದ್ದು, ಕಾಗೆ ಓಡಿಸುವ "ಹುಶ್" ಕೂಡ ಇದೆ!

ಅಜ್ಜ ಬೇಗ ತೀರಿಕೊಂಡರು. ನೀರಿಗಾಗಿ ಗುಡ್ಡದೊಳಗೆ ಕೊರೆದ ಸುರಂಗದಿಂದ ನೀರು ಹೊತ್ತು, ಐದು ಮಕ್ಕಳನ್ನು ಸಾಕಿದ್ದು ಅಜ್ಜಿಯೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರಿಗೆ ಹತ್ತು ವರ್ಷ. ಬಸ್ಸಿನ ಮಲಯಾಳ ಬೋರ್ಡು ಕೊನೆಗೂ ಓದಲು ಬರಲಿಲ್ಲ, ಡ್ರೈವರಿನ ಮುಖ ನೋಡಿಯೇ ಹತ್ತುತ್ತಿದ್ದರು. ನಮಗೆಲ್ಲ ಬಡಿಸಿ ಆಮೇಲೆ ತಾನು ಕೂರುವುದು. ತಳ ಹಿಡಿದ ಅನ್ನವೇ ತನಗೆ ಇಷ್ಟ ಅನ್ನುತ್ತಿದ್ದರು. ಅದು ಸುಳ್ಳು ಅಂತ ನನಗೆ ಹೊಳೆದದ್ದು ನನ್ನ ಮದುವೆಯಾದ ಮೇಲೆ.

ಈಗ ವಿಷಯ. ಟೇಪಿಗೆ ಬಿಳಿ ಬೂಸ್ಟು ಹಿಡಿದಿದೆ, ಒಂದು ಕಡೆ ತುಂಡಾಗಿದೆ. ಕ್ಯಾಸೆಟ್ಟಿಗೆ ಸ್ಕ್ರೂ ಇಲ್ಲ, ಅಂಟಿಸಿದ ನಮೂನೆಯದ್ದು. ಒಂದು ಸ್ಟುಡಿಯೋಕ್ಕೆ ಕೊಟ್ಟಿದ್ದೆ. ಸುಮ್ನೆ ಎರಡು ವಾರ ಇಟ್ಟುಕೊಂಡು ಹಾಗೇ ವಾಪಸ್ ಕೊಟ್ಟರು. ಪ್ಲೇಯರಿಗೆ ಹಾಕಲು ನನಗೆ ಧೈರ್ಯವಿಲ್ಲ.

ಬದಿಯಡ್ಕ, ಪುತ್ತೂರು, ಮಂಗಳೂರು ಕಡೆ ಇದನ್ನು ಬಿಚ್ಚಿ, ಒರೆಸಿ, ಮೊಬೈಲಿನಲ್ಲಿ ಕೇಳುವ ಹಾಗೆ ಮಾಡಿಕೊಡುವವರು ಯಾರಾದರೂ ಗೊತ್ತಾ? ಖರ್ಚು ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ. ಪೋಸ್ಟಿನಲ್ಲಿ ಮಾತ್ರ ಕಳಿಸುವುದಿಲ್ಲ, ನಾನೇ ಹಿಡಿದುಕೊಂಡು ಬರುತ್ತೇನೆ.